ಎಲ್ಲ ಮುಗಿದ ಮೇಲೆ ಬರುವ ಕೆಲಸ

ಹಿನ್ನೆಲೆ ಸಂಗೀತ ಬರೆಯಲು ನನ್ನ ಹೆಸರಿನಲ್ಲಿ ಮೊದಲ ಚಿತ್ರ ಸಿಕ್ಕಿದಾಗ ನನ್ನನ್ನು ಕರೆದು ಕೂರಿಸಿದ್ದು ಸಂಕಲನದ ಕತ್ತಲ ಕೋಣೆಯಲ್ಲಿ. ನಿರ್ದೇಶಕರು, ಸಂಕಲನಕಾರರು, ನಿರ್ಮಾಪಕರ ಕಡೆಯವರೊಬ್ಬರು, ಮತ್ತೆ ನಾನು. ಅವರು ಮೂವರೂ ಆ ಚಿತ್ರವನ್ನು ಲೆಕ್ಕ ತಪ್ಪುವಷ್ಟು ಸಲ ನೋಡಿದ್ದರು. ನಗಬೇಕಾದ ಕಡೆ ಯಾರೂ ನಗಲಿಲ್ಲ, ಕಣ್ಣು ಒದ್ದೆಯಾಗಬೇಕಾದ ಕಡೆ ಗಡಿಯಾರ ನೋಡಿದರು. ಉತ್ಸಾಹ ಉಳಿದಿದ್ದದ್ದು ನನ್ನಲ್ಲಿ ಮಾತ್ರ.

ಈ ಬೈಠಕ್ಕಿಗೆ ಸ್ಪಾಟಿಂಗ್ ಎನ್ನುತ್ತಾರೆ. ಚಿತ್ರವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತ, ಸಂಗೀತ ಎಲ್ಲಿ ಶುರುವಾಗಬೇಕು, ಎಲ್ಲಿ ನಿಲ್ಲಬೇಕು, ಅಲ್ಲಿ ಅದಕ್ಕೇನು ಕೆಲಸ ಎಂದು ಗೊತ್ತು ಮಾಡಿಕೊಳ್ಳುವುದು. ಮೂರನೇ ರೀಲಿನಲ್ಲಿ ಅಣ್ಣ ತಂಗಿ ಬಹಳ ವರ್ಷಗಳ ಮೇಲೆ ಎದುರಾಗುವ ದೃಶ್ಯ ಬಂತು. ಉಳಿದ ಕಡೆಯೆಲ್ಲ ಚಿತ್ರ ನಿಲ್ಲಿಸಿ ವಿವರಿಸುತ್ತಿದ್ದ ನಿರ್ದೇಶಕರು ಇಲ್ಲಿ ಮಾತ್ರ ನಿಲ್ಲಿಸಲಿಲ್ಲ. ಬೇರೆಲ್ಲೋ ನೋಡುತ್ತ, "ಇಲ್ಲಿ ಸಂಗೀತ ಸ್ವಲ್ಪ ಸಹಾಯ ಮಾಡಬೇಕು" ಎಂದರು. ನಾನು ಪುಸ್ತಕದಲ್ಲಿ ಬರೆದುಕೊಂಡೆ: "3ಎಂ2. ಭಾವುಕ. ದೊಡ್ಡದು." ಮೂರನೇ ರೀಲಿನ ಎರಡನೇ ಸಂಗೀತದ ತುಣುಕು ಎಂದು ಅದರ ಅರ್ಥ. ಚಿತ್ರಗಳು ಇಪ್ಪತ್ತು ನಿಮಿಷದ ರೀಲುಗಳಲ್ಲಿ ಸುತ್ತಿಕೊಂಡು ಬರುತ್ತಿದ್ದ ಕಾಲದ ಲೆಕ್ಕ ಇದು. ರೀಲು ಹೋದರೂ ಲೆಕ್ಕ ಹೋಗಿಲ್ಲ.

ಆ "ಸಹಾಯ" ಎಂಬ ಮಾತಿಗೆ ನಿಜವಾದ ಅರ್ಥವೇನೆಂದು ತಿಳಿಯುವಷ್ಟರಲ್ಲಿ ನಾನು ಆ ದೃಶ್ಯಕ್ಕೆ ಐದು ಸಲ ಸಂಗೀತ ಬರೆದಿದ್ದೆ. ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮೊದಲು ನಾಲ್ಕು ವರ್ಷ ಹಿರಿಯ ಸಂಯೋಜಕರೊಬ್ಬರ ಬಳಿ ಸಹಾಯಕ ಹುದ್ದೆ. ಸಂಗೀತ ಕಲಿಯಲು ಸೇರಿದೆನೆಂದುಕೊಂಡಿದ್ದೆ. ಮೊದಲ ಆರು ತಿಂಗಳು ಕಲಿತದ್ದು ಕಡತಗಳಿಗೆ ಹೆಸರಿಡುವುದನ್ನು. ಇದನ್ನು ಕೊಂಕಿನಿಂದ ಹೇಳುತ್ತಿಲ್ಲ. ಒಂದು ಚಿತ್ರಕ್ಕೆ ಮೂವತ್ತು ನಲವತ್ತು ತುಣುಕು, ಪ್ರತಿಯೊಂದಕ್ಕೂ ನಾಲ್ಕೈದು ಆವೃತ್ತಿ, ಪ್ರತಿ ಆವೃತ್ತಿಗೂ ತಂತಿ, ತಾಳವಾದ್ಯ, ಗಾಳಿವಾದ್ಯ, ಸಿಂಥ್ ಎಂದು ಬೇರೆ ಬೇರೆ ಪದರ. ಇಷ್ಟರಲ್ಲಿ ಒಂದು ಹೆಸರು ತಪ್ಪಿದರೆ ಅಂತಿಮ ಮಿಶ್ರಣದ ದಿನ ನಾಯಕಿ ಸಾಯುವ ಹೊತ್ತಿಗೆ ಮದುವೆಯ ವಾದ್ಯ ಮೊಳಗುತ್ತದೆ.

ನಾನು ಮಾಡಿದ ತಪ್ಪು ಅದಕ್ಕಿಂತ ಸೂಕ್ಷ್ಮದ್ದು. ಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳ (ಫ್ರೇಮುಗಳ) ವೇಗದಲ್ಲಿ ಓಡುತ್ತದೆ ಎಂದು ಎಲ್ಲರೂ ಹೇಳುತ್ತಾರಾದ್ದರಿಂದ ನಾನೂ ತಂತ್ರಾಂಶದಲ್ಲಿ 24 ಎಂದೇ ಹಾಕಿದ್ದೆ. ನಮ್ಮ ಕೈಗೆ ಬಂದಿದ್ದ ಪ್ರತಿ 23.976ರದ್ದು. ಅಮೆರಿಕದ ಬಣ್ಣದ ಟೆಲಿವಿಷನ್‌ನ ಕಾಲದಿಂದ ಅಂಟಿಕೊಂಡು ಬಂದ ಅಂಕಿ ಅದು. ವ್ಯತ್ಯಾಸ ಸಾವಿರಕ್ಕೆ ಒಂದು ಪಾಲು. ಒಂದೂವರೆ ನಿಮಿಷದ ತುಣುಕನ್ನು ಒಂಟಿಯಾಗಿ ಕೇಳಿದರೆ ಗೊತ್ತೇ ಆಗುವುದಿಲ್ಲ. ಆದರೆ ಇಪ್ಪತ್ತು ನಿಮಿಷದ ರೀಲನ್ನು ಮೊದಲಿನಿಂದ ಓಡಿಸಿದಾಗ ಕೊನೆಗೆ ಸಂಗೀತ 1.2 ಸೆಕೆಂಡು ಮುಂದೆ ಹೋಗಿತ್ತು. ಪಾತ್ರ ಅಳುವ ಮೊದಲೇ ಪಿಟೀಲು ಅತ್ತಿತು. ಹಿರಿಯರು ಕೂಗಾಡಲಿಲ್ಲ. "ಬೇರೆ ಯಾರೇ ತಪ್ಪು ಮಾಡಿದ್ದರೂ ಸರಿಪಡಿಸಲು ಹಿಂದೆ ಒಬ್ಬರಿರುತ್ತಿದ್ದರು. ನಮ್ಮ ಹಿಂದೆ ಯಾರೂ ಇಲ್ಲ, ತಿಳಿಯಿತೇ?" ಎಂದರು. ನನಗೆ ಆಗ ತಿಳಿದದ್ದು ಚೌಕಟ್ಟಿನ ವೇಗ ಮಾತ್ರ.

ಎರಡನೇ ವರ್ಷದಿಂದ ಅವರ ತುಣುಕುಗಳಲ್ಲಿ ಕೆಲವನ್ನು ನಾನು ಬರೆಯತೊಡಗಿದೆ. ಹೆಸರು ಅವರದೇ. ಇದಕ್ಕೆ ಭೂತಬರಹ ಎನ್ನುತ್ತಾರೆ. ಇದು ಶೋಷಣೆಯೋ ತರಬೇತಿಯೋ ಎಂಬ ವಾದ ಈ ಕಸುಬಿನಷ್ಟೇ ಹಳೆಯದು, ನನ್ನ ಮಟ್ಟಿಗೆ ಅದು ಎರಡೂ ಆಗಿತ್ತು. ಸಂಬಳ ಬರುತ್ತಿತ್ತು, ಅವರು ನನ್ನ ಬರಹವನ್ನು ನನ್ನೆದುರೇ ತಿದ್ದುತ್ತಿದ್ದರು, ಆ ತಿದ್ದುಪಡಿಗಳನ್ನು ಯಾವ ಶಾಲೆಯೂ ಕೊಡುತ್ತಿರಲಿಲ್ಲ. ಆದರೆ ಕ್ಯೂ ಶೀಟಿನಲ್ಲಿ, ಅಂದರೆ ಚಿತ್ರದಲ್ಲಿ ಬಳಕೆಯಾದ ಪ್ರತಿ ತುಣುಕಿನ ಹೆಸರು, ಅವಧಿ, ಬರೆದವರ ವಿವರ ಇರುವ ಪಟ್ಟಿಯಲ್ಲಿ, ನಾನು ಬರೆದದ್ದರ ಮುಂದೆ ಅವರ ಹೆಸರನ್ನು ನನ್ನ ಕೈಯಾರೆ ಟೈಪು ಮಾಡಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ರಾಯಧನ ಆ ಪಟ್ಟಿಯನ್ನು ಹಿಡಿದು ಹಂಚಿಕೆಯಾಗುತ್ತದೆ. ಆ ಕೆಲಸ ಬಿಡುವಾಗ ನಾನು ಕೇಳಿದ್ದು ಒಂದೇ: ಪರದೆಯ ಮೇಲೆ "ಹೆಚ್ಚುವರಿ ಸಂಗೀತ" ಎಂದು ನನ್ನ ಹೆಸರು. ಕೊಟ್ಟರು. ಮೊದಲ ಚಿತ್ರ ಸಿಕ್ಕಿದ್ದು ಆ ಒಂದು ಸಾಲಿನಿಂದ.

ಈಗ ಆ ಮೊದಲ ಚಿತ್ರ.

ಸ್ಪಾಟಿಂಗ್ ಮುಗಿದು ಮನೆಗೆ ಬಂದು ಪ್ರತಿಯನ್ನು ತೆರೆದರೆ ಅದರಲ್ಲಿ ಆಗಲೇ ಸಂಗೀತ ಇತ್ತು. ಬೇರೆ ಚಿತ್ರಗಳಿಂದ ಎತ್ತಿ ಸಂಕಲನಕಾರರು ತಾತ್ಕಾಲಿಕವಾಗಿ ಹೊಂದಿಸಿದ್ದು. ಟೆಂಪ್ ಎನ್ನುತ್ತಾರೆ. ದೃಶ್ಯದ ಲಯ ಹಿಡಿಯಲು ಸಂಕಲನಕಾರರಿಗೆ ಅದು ಬೇಕು, ಅವರನ್ನು ದೂರುವಂತಿಲ್ಲ. ತೊಂದರೆ ಎಂದರೆ, ನಿರ್ದೇಶಕರು ಅದನ್ನೇ ತಿಂಗಳುಗಟ್ಟಲೆ ಕೇಳಿರುತ್ತಾರೆ. ಅವರ ಕಿವಿಯಲ್ಲಿ ಆ ದೃಶ್ಯಕ್ಕೂ ಆ ಸಂಗೀತಕ್ಕೂ ಮದುವೆಯಾಗಿ ಮಕ್ಕಳಾಗಿರುತ್ತವೆ. ಆಮೇಲೆ ನಾವು ಹೋಗಿ ಹೊಸ ಸಂಬಂಧ ತಂದಿದ್ದೇವೆ ಎನ್ನಬೇಕು.

ಈ ರೋಗದ ದೊಡ್ಡ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. 1968ರ "2001: ಎ ಸ್ಪೇಸ್ ಒಡಿಸ್ಸಿ" ಚಿತ್ರಕ್ಕೆ ಅಲೆಕ್ಸ್ ನಾರ್ತ್ ಸಂಗೀತ ಬರೆದು ಧ್ವನಿಮುದ್ರಿಸಿಯೂ ಇದ್ದರು. ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ತಾನು ಮೊದಲಿನಿಂದ ಹಾಕಿಕೊಂಡು ನೋಡುತ್ತಿದ್ದ ಶಾಸ್ತ್ರೀಯ ಕೃತಿಗಳನ್ನೇ ಉಳಿಸಿಕೊಂಡರು. ತಮ್ಮ ಸಂಗೀತ ಚಿತ್ರದಲ್ಲಿ ಇಲ್ಲ ಎಂಬುದು ನಾರ್ತ್ ಅವರಿಗೆ ಗೊತ್ತಾದದ್ದು ಪ್ರದರ್ಶನದಲ್ಲಿ ಕೂತು ನೋಡಿದಾಗ. ಚಿತ್ರಕ್ಕೆ ಆದದ್ದು ಒಳ್ಳೆಯದೇ ಎಂದು ವಾದಿಸುವವರಿದ್ದಾರೆ, ನಾನೂ ಅವರಲ್ಲಿ ಒಬ್ಬ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಆ ಕುರ್ಚಿಯಲ್ಲಿ ಕೂತಿದ್ದ ಮನುಷ್ಯನ ನೆನಪಾದಾಗಲೆಲ್ಲ ಹೊಟ್ಟೆ ತೊಳಸುತ್ತದೆ.

ನಾನು ಟೆಂಪನ್ನು ಅಳಿಸಿಬಿಡಿ ಎಂದು ಜಗಳವಾಡಲಿಲ್ಲ. ಅದಕ್ಕೆ ಬೇಕಾದ ಧೈರ್ಯ ಇರಲಿಲ್ಲ. ಬದಲಿಗೆ ಎರಡನೇ ಭೇಟಿಯಲ್ಲಿ ಒಂದೊಂದಾಗಿ ಕೇಳುತ್ತ ಹೋದೆ: ಇದರಲ್ಲಿ ನಿಮಗೆ ಹಿಡಿಸಿದ್ದು ಏನು? ರಾಗವೇ? ವೇಗವೇ? ಬಹಳ ಕಡೆ ಉತ್ತರ ಅನಿರೀಕ್ಷಿತವಾಗಿತ್ತು. ಒಂದು ಕಡೆ ಅವರು ಪ್ರಾಣ ಬಿಡುತ್ತಿದ್ದದ್ದು ಆ ಭವ್ಯ ವಾದ್ಯವೃಂದಕ್ಕಲ್ಲ, ಅದರ ಅಡಿಯಲ್ಲಿ ಅಲುಗದೆ ನಿಂತಿದ್ದ ಒಂದು ಮಂದ್ರ ಸ್ವರಕ್ಕೆ. ಇನ್ನೊಂದು ಕಡೆ ಸಂಗೀತ ಮಾತು ಮುಗಿದು ಎರಡು ಸೆಕೆಂಡಿನ ಮೇಲೆ ಶುರುವಾಗುತ್ತಿತ್ತು, ಆ ಎರಡು ಸೆಕೆಂಡೇ ಅವರಿಗೆ ಬೇಕಾಗಿದ್ದದ್ದು. ಮಂದ್ರ ಸ್ವರ ಇಟ್ಟುಕೊಂಡೆ, ಎರಡು ಸೆಕೆಂಡು ಇಟ್ಟುಕೊಂಡೆ, ಉಳಿದದ್ದನ್ನು ನನ್ನದಾಗಿ ಬರೆದೆ. ಯಾರೂ ಹಳೆಯದನ್ನು ಕೇಳಲಿಲ್ಲ.

ನಿರ್ದೇಶಕರ ಮಾತುಗಳಿಗೆ ಒಂದು ಬೇರೆಯೇ ನಿಘಂಟು ಬೇಕು. "ಇನ್ನೂ ದೊಡ್ಡದಾಗಲಿ" ಎಂದರೆ ಬಹುತೇಕ ಕೆಳಗಿನ ಸ್ವರಗಳು ಸಾಲದು ಎಂದು ಅರ್ಥ. "ಹೆಚ್ಚು ಸಂಗೀತಮಯವಾಯಿತು" ಎಂದರೆ ಮಾತು ಕೇಳಿಸುತ್ತಿಲ್ಲ ಎಂದು. "ಚೆನ್ನಾಗಿದೆ, ಇನ್ನೊಂದು ಸಲ ಕೇಳೋಣ" ಎಂದರೆ ಮುಗಿಯಿತು, ಹೊಸದಾಗಿ ಬರೆಯಬೇಕು. ಒಮ್ಮೆಯಂತೂ "ಇದು ಖುಷಿಯೂ ಅಲ್ಲ, ದುಃಖವೂ ಅಲ್ಲ, ಆದರೆ ನಡುವಿನದೂ ಅಲ್ಲ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಎರಡು ದಿನ ತಲೆ ಕೆಡಿಸಿಕೊಂಡು, ಸ್ವರಸಂಗತಿಯಲ್ಲಿನ ಗಾಂಧಾರವನ್ನು ತೆಗೆದುಹಾಕಿದೆ. ಪಾಶ್ಚಾತ್ಯ ಸ್ವರಮೇಳದಲ್ಲಿ ಮೇಜರ್ ಎಂದೋ ಮೈನರ್ ಎಂದೋ ಕಿವಿಗೆ ಹೇಳಿಕೊಡುವುದು ಆ ಸ್ವರ. ಅದಿಲ್ಲದಿದ್ದರೆ ಕಿವಿ ಎರಡೂ ಕಡೆ ವಾಲಬಹುದು. "ಇದೇ, ಇದೇ" ಎಂದರು. ಅವರ ಮಾತು ಅಸಂಬದ್ಧವಾಗಿರಲಿಲ್ಲ. ಅವರಿಗೆ ಬೇಕಾದದ್ದು ನನ್ನ ಭಾಷೆಯಲ್ಲಿ ಹೇಳಲು ಬರುತ್ತಿರಲಿಲ್ಲ, ಅಷ್ಟೆ. ಕಸುಬು ಗೊತ್ತಿಲ್ಲದ ನಿರ್ದೇಶಕರಿಗಿಂತ ಅರ್ಧ ಸಂಗೀತ ಗೊತ್ತಿರುವ ನಿರ್ದೇಶಕರು ಹೆಚ್ಚು ಕಷ್ಟ. ಅವರು ಭಾವ ಹೇಳುವುದನ್ನು ಬಿಟ್ಟು ವಾದ್ಯ ಹೇಳುತ್ತಾರೆ.

ಬರೆಯುವ ಕೆಲಸದಲ್ಲಿ ಅರ್ಧದಷ್ಟು ಗಣಿತ. ಒಂದು ತುಣುಕಿನಲ್ಲಿ ಸಂಗೀತ ಶುರುವಾದ ಸರಿಯಾಗಿ 42ನೇ ಸೆಕೆಂಡಿಗೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಆ ಕ್ಷಣಕ್ಕೆ ಒಂದು ಪೆಟ್ಟು ಬೀಳಬೇಕು. ನಿಮಿಷಕ್ಕೆ 80 ಬಡಿತದ ವೇಗ ಹಿಡಿದರೆ ಒಂದು ಬಡಿತಕ್ಕೆ ಮುಕ್ಕಾಲು ಸೆಕೆಂಡು, ಅಂದರೆ 18 ಚೌಕಟ್ಟು. 42 ಸೆಕೆಂಡಿಗೆ 56 ಬಡಿತ, ನಾಲ್ಕು ಬಡಿತಕ್ಕೊಂದರಂತೆ 14 ಆವರ್ತ. ಬಾಗಿಲು ಮುಚ್ಚುವ ಹೊತ್ತಿಗೆ ಸರಿಯಾಗಿ ಹದಿನೈದನೆಯ ಆವರ್ತದ ಮೊದಲ ಬಡಿತ. ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದು ಅಪರೂಪ. ಆ ದಿನ ನಾನು ದೇವರಿದ್ದಾನೆ ಎಂದುಕೊಂಡೆ. ಸಂಜೆಗೆ ಸಂಕಲನಕಾರರಿಂದ ಸಂದೇಶ: "ಸಣ್ಣ ಬದಲಾವಣೆ. ಬಾಗಿಲಿನ ಮುಂಚೆ 19 ಚೌಕಟ್ಟು ತೆಗೆದಿದ್ದೇನೆ."

ಚಿತ್ರ "ಲಾಕ್" ಆಗಿದೆ, ಅಂದರೆ ಇನ್ನು ಸಂಕಲನ ಬದಲಾಗುವುದಿಲ್ಲ ಎಂದು ಒಪ್ಪಂದದಲ್ಲಿ ಬರೆದಿದ್ದರು. ಲಾಕ್ ಆದ ಚಿತ್ರ ಎಂಬುದನ್ನು ನಾನು ಈವರೆಗೆ ಕಂಡಿಲ್ಲ. ಬೀಗ ಹಾಕಿದ ಮೇಲೂ ಕಿಟಕಿಯಿಂದ ಯಾರಾದರೊಬ್ಬರು ಇಳಿದು ಏನನ್ನಾದರೂ ಕತ್ತರಿಸಿಯೇ ಹೋಗುತ್ತಾರೆ.

19 ಚೌಕಟ್ಟು ಎಂದರೆ ಒಂದು ಬಡಿತಕ್ಕಿಂತ ಒಂದು ಚೌಕಟ್ಟು ಹೆಚ್ಚು. ಹಾಗಾಗಿ ಹನ್ನೊಂದನೆಯ ಆವರ್ತವನ್ನು ನಾಲ್ಕರಿಂದ ಮೂರು ಬಡಿತಕ್ಕೆ ಇಳಿಸಿದೆ. ಪೆಟ್ಟು ಬಾಗಿಲಿಗಿಂತ ಒಂದು ಚೌಕಟ್ಟು ತಡವಾಗಿ ಬಿತ್ತು, ಸೆಕೆಂಡಿನ 24ನೇ ಒಂದು ಪಾಲು. ಅದನ್ನು ಹಾಗೇ ಬಿಟ್ಟೆ. ಸದ್ದು ದೃಶ್ಯಕ್ಕಿಂತ ಕೂದಲೆಳೆ ತಡವಾದರೆ ಕಿವಿ ಕ್ಷಮಿಸುತ್ತದೆ, ಮೊದಲೇ ಬಂದರೆ ಕ್ಷಮಿಸುವುದಿಲ್ಲ. ದೂರದಲ್ಲಿ ಏಟು ಬಿದ್ದಾಗ ಕಣ್ಣು ಮೊದಲು ಕಂಡು ಕಿವಿ ಆಮೇಲೆ ಕೇಳಿಯೇ ನಮಗೆಲ್ಲ ಅಭ್ಯಾಸ. ತಮಾಷೆಯೆಂದರೆ, ಮೂರು ಬಡಿತದ ಆ ಕುಂಟು ಆವರ್ತದಿಂದಾಗಿ ದೃಶ್ಯಕ್ಕೆ ಒಂದು ಎಡವುವ ಭಾವ ಬಂತು. "ಆ ಜಾಗದಲ್ಲಿ ನೀವು ಎದೆ ಝಲ್ಲೆನ್ನುವ ಹಾಗೆ ಮಾಡಿದಿರಿ" ಎಂದು ನಿರ್ದೇಶಕರು ಹೊಗಳಿದರು. ಹೊಗಳಿಕೆಯನ್ನು ವಿನಯದಿಂದ ಸ್ವೀಕರಿಸಿದೆ.

ಇಂಥ ಲೆಕ್ಕ ಈಗ ಕಂಪ್ಯೂಟರು ಮಾಡುತ್ತದೆ. ಹಿಂದಿನವರು ಕೈಯಲ್ಲಿ ಮಾಡುತ್ತಿದ್ದರು. ಫಿಲ್ಮಿನ ಧ್ವನಿಪಥದಲ್ಲಿ ಲೆಕ್ಕದ ಪ್ರಕಾರ ತೂತು ಕೊರೆದರೆ ಯಂತ್ರದಲ್ಲಿ ಓಡುವಾಗ ಟಕ್ ಟಕ್ ಎನ್ನುತ್ತಿತ್ತು, ವಾದಕರು ಆ ಸದ್ದನ್ನು ಕಿವಿಗೆ ಹಾಕಿಕೊಂಡು ನುಡಿಸುತ್ತಿದ್ದರು. ಕಾರ್ಟೂನ್ ಚಿತ್ರಗಳವರು ಬೆಳೆಸಿದ ಉಪಾಯ. ಕ್ಲಿಕ್ ಎಂಬ ಹೆಸರು ಇಂದಿಗೂ ಅದೇ.

ಇನ್ನು 3ಎಂ2. ಅಣ್ಣ ತಂಗಿ.

ಮೊದಲು ಬರೆದದ್ದು ಇಪ್ಪತ್ತು ಪಿಟೀಲಿನ ಅಲೆ. "ಹೆಚ್ಚಾಯಿತು" ಎಂದರು. ಪಿಯಾನೊ ಮಾತ್ರ ಇಟ್ಟೆ. "ತಣ್ಣಗಾಯಿತು." ಪಿಯಾನೊದ ಕೆಳಗೆ ಚೆಲ್ಲೊ, ಅಂದರೆ ಮಂದ್ರದಲ್ಲಿ ನುಡಿಯುವ ದೊಡ್ಡ ಪಿಟೀಲು, ತಂದೆ. "ಹತ್ತಿರ ಬಂತು, ಆದರೆ ಏನೋ ಇಲ್ಲ." ನಾಲ್ಕನೆಯದು ಬಾಲ್ಯದ ದೃಶ್ಯದ ರಾಗವನ್ನೇ ನಿಧಾನಗೊಳಿಸಿದ್ದು, ನನ್ನ ಲೆಕ್ಕದಲ್ಲಿ ಇಡೀ ಚಿತ್ರದ ಅತ್ಯುತ್ತಮ ಯೋಚನೆ. ಅವರು ಕೇಳಿ ಸುಮ್ಮನೆ ಕೂತರು. ಐದನೆಯದನ್ನು ನಾನು ಕೋಪದಲ್ಲಿ ಬರೆದೆ, ಅದು ಕೇಳಿಸುತ್ತಿತ್ತು ಕೂಡ. ಹೊಳೆಯಲ್ಲಿ ಹುಣಿಸೆಹಣ್ಣು ತೊಳೆಯುವುದು ಅಂದರೆ ಹೇಗೆ ಎಂದು ಯಾರಾದರೂ ಕೇಳಿದರೆ ಆ ಎರಡು ವಾರಗಳನ್ನು ತೋರಿಸುತ್ತೇನೆ.

ಆರನೆಯದರ ಮುಂಚೆ, ಬೇಸತ್ತು, ಸದ್ದನ್ನೆಲ್ಲ ಅಡಗಿಸಿ ದೃಶ್ಯವನ್ನು ಬರಿದಾಗಿ ನೋಡಿದೆ. ಮೊದಲೇ ಮಾಡಬೇಕಿತ್ತು. ಹತ್ತು ಸಲ ನೋಡಿದ ಮೇಲೆ ಕಂಡಿತು: ಅಣ್ಣ ತಂಗಿ ಇಬ್ಬರೂ ಒಟ್ಟಿಗಿರುವ ಒಂದು ಚೌಕಟ್ಟೂ ಇಲ್ಲ. ಅಣ್ಣ ನೋಡುತ್ತಿರುವ ಎತ್ತರದಲ್ಲಿ ತಂಗಿಯ ಮುಖವಿಲ್ಲ. ಸಂಕಲನಕಾರರಿಗೆ ಫೋನು ಮಾಡಿದೆ. ಅವರು ನಿಟ್ಟುಸಿರುಬಿಟ್ಟು, "ಇಬ್ಬರನ್ನೂ ಬೇರೆ ಬೇರೆ ತಿಂಗಳಲ್ಲಿ ಚಿತ್ರೀಕರಿಸಿದ್ದು. ನಿಮಗೆ ಯಾರೂ ಹೇಳಲಿಲ್ಲವೇ?" ಎಂದರು.

ಯಾರೂ ಹೇಳಿರಲಿಲ್ಲ. ಸಹಾಯ ಮಾಡಬೇಕು ಎಂದಷ್ಟೇ ಹೇಳಿದ್ದರು. ಬರವಣಿಗೆಯಲ್ಲಿ ಸಡಿಲಾದದ್ದು ಚಿತ್ರೀಕರಣಕ್ಕೆ, ಅಲ್ಲಿ ತಪ್ಪಿದ್ದು ಸಂಕಲನಕ್ಕೆ, ಅಲ್ಲೂ ಕೂಡಿಬರದ್ದು ಸಂಗೀತಕ್ಕೆ. ಹೀಗೆ ಇಳಿಜಾರಿನಲ್ಲಿ ಹರಿದು ಬಂದದ್ದೆಲ್ಲ ಕೊನೆಗೆ ನಿಲ್ಲುವುದು ನಮ್ಮ ಬಾಗಿಲಲ್ಲಿ. ಸಮಯವೂ ಅಷ್ಟೆ, ಹಣವೂ ಅಷ್ಟೆ: ಚಿತ್ರೀಕರಣ ಹತ್ತು ದಿನ ತಡವಾದರೆ ಬಿಡುಗಡೆ ಮುಂದಕ್ಕೆ ಹೋಗುವುದಿಲ್ಲ, ಸಂಗೀತದ ಹತ್ತು ದಿನ ಹೋಗುತ್ತದೆ. 1974ರ "ಚೈನಾಟೌನ್" ಚಿತ್ರಕ್ಕೆ ಮೊದಲು ಮಾಡಿಸಿದ್ದ ಸಂಗೀತವನ್ನು ಕೈಬಿಟ್ಟಾಗ ಜೆರ್ರಿ ಗೋಲ್ಡ್‌ಸ್ಮಿತ್ ಹತ್ತೇ ದಿನಗಳಲ್ಲಿ ಹೊಸದನ್ನು ಮಾಡಿಕೊಟ್ಟರು. ಅದು ಮೇರುಕೃತಿ ಎನಿಸಿಕೊಂಡದ್ದು ಕಸುಬಿನ ಮಟ್ಟಿಗೆ ದೊಡ್ಡ ನಷ್ಟ. ಈಗಲೂ ಅವಸರದ ನಿರ್ಮಾಪಕರು ಆ ಉದಾಹರಣೆಯನ್ನೇ ಕೊಡುತ್ತಾರೆ.

ಆರನೆಯ ಆವೃತ್ತಿ ಒಂದೇ ಉದ್ದನೆಯ ಸ್ವರ, ನಡುವೆ ಒಮ್ಮೆ ಬದಲಾಗುವುದು. ದಿನ ಮುಗಿದಿದ್ದರಿಂದ ಒಪ್ಪಿದರು. ಚಿತ್ರ ಬಿಡುಗಡೆಯಾದಾಗ ವಿಮರ್ಶಕರೊಬ್ಬರು ಆ ದೃಶ್ಯವನ್ನೇ ಎತ್ತಿಕೊಂಡು, ಸಂಗೀತ ಇನ್ನಷ್ಟು ಬೆಂಬಲ ಕೊಡಬೇಕಿತ್ತು ಎಂದು ಬರೆದರು.

ಧ್ವನಿಮುದ್ರಣಕ್ಕೆ ನನಗಿದ್ದದ್ದು ಎಂಟು ಮಂದಿ ತಂತಿವಾದ್ಯದವರು, ಮೂರು ಗಂಟೆ. ಹಾಸಿಗೆ ಇದ್ದಷ್ಟು ಕಾಲು. ಅವರಿಂದ ಅದೇ ಸಾಲನ್ನು ಎರಡು ಸಲ ನುಡಿಸಿ, ಎರಡನೇ ಸಲ ಕುರ್ಚಿಗಳನ್ನು ಬದಲಿಸಿ, ಕೆಳಗೆ ಯಂತ್ರದ ಪಿಟೀಲುಗಳನ್ನು ಹಾಸಿದರೆ ಮೂವತ್ತು ಜನರ ಭ್ರಮೆ ಬರುತ್ತದೆ. ಹಣದ ಕೊರತೆಯ ಮಾತು ಬಂದಾಗ ನಾವೆಲ್ಲ ಬರ್ನಾರ್ಡ್ ಹರ್ಮನ್ ಅವರನ್ನು ನೆನೆಯುತ್ತೇವೆ. 1960ರ "ಸೈಕೊ" ಚಿತ್ರಕ್ಕೆ ಅವರು ತಂತಿವಾದ್ಯಗಳನ್ನು ಬಿಟ್ಟು ಬೇರೇನೂ ಬಳಸಲಿಲ್ಲ. ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಎಂದು ನಿರ್ದೇಶಕ ಹಿಚ್‌ಕಾಕ್ ಮೊದಲು ಹೇಳಿದ್ದರು. ಹರ್ಮನ್ ಬರೆದರು, ಹಿಚ್‌ಕಾಕ್ ಕೇಳಿ ಮನಸ್ಸು ಬದಲಿಸಿದರು. ಇದನ್ನು ನಂಬಿ ನಾನೂ ಒಮ್ಮೆ ಬೇಡ ಎಂದ ಕಡೆ ಬರೆದುಕೊಂಡು ಹೋಗಿದ್ದೆ. ಬೇಡ ಎಂದರೆ ಬೇಡ ಎಂದೇ ಅರ್ಥವಾಗಿತ್ತು.

ಮುದ್ರಣದ ದಿನದ ದೊಡ್ಡ ಗಂಡಾಂತರ ವಾದಕರಲ್ಲ. ಅಷ್ಟು ದಿನ ನಿರ್ದೇಶಕರು ಕೇಳಿ ಒಪ್ಪಿದ್ದದ್ದು ಕಂಪ್ಯೂಟರಿನಲ್ಲಿ ನಾನು ಮಾಡಿದ ಮಾದರಿ. ಈಗ ನಿಜವಾದ ಮನುಷ್ಯರು, ಉಸಿರಾಡುವವರು, ನುಡಿಸುತ್ತಿದ್ದಾರೆ. ಒಂದು ತುಣುಕು ಮುಗಿದಾಗ ನನ್ನ ಮೈ ಜುಮ್ಮೆಂದಿತ್ತು. ನಿರ್ದೇಶಕರು ಬಾಗಿ ಕಿವಿಯಲ್ಲಿ, "ಆ ಹಳೆಯದರಲ್ಲಿ ಏನೋ ಒಂದು ಇತ್ತಲ್ಲ?" ಎಂದರು. ಇದ್ದದ್ದು ಇಷ್ಟೇ: ಹಳೆಯದನ್ನು ಅವರು ನಲವತ್ತು ಸಲ ಕೇಳಿದ್ದರು. ಟೆಂಪಿನ ರೋಗ ನನ್ನದೇ ಮಾದರಿಯಿಂದ ನನಗೇ ತಗುಲಿತ್ತು.

ಆಮೇಲೆ ಅಂತಿಮ ಧ್ವನಿಮಿಶ್ರಣ. ಮಾತು, ಪರಿಣಾಮಗಳ ಸದ್ದು, ಸಂಗೀತ ಮೂರೂ ಒಂದೇ ಕೋಣೆಯಲ್ಲಿ ಮೊದಲ ಸಲ ಮುಖಾಮುಖಿಯಾಗುವುದು ಅಲ್ಲಿ. ನಾಯಕ ಗೊಗ್ಗರು ದನಿಯಲ್ಲಿ ಪಿಸುಗುಟ್ಟುವ ಕಡೆ ನಾನು ಚೆಲ್ಲೊ ಏಕವಾದನ ಇಟ್ಟಿದ್ದೆ. ಚೆಲ್ಲೊದ ಕೆಳಸ್ಥಾಯಿಗೂ ಗಂಡುದನಿಗೂ ಇರುವುದು ಒಂದೇ ಓಣಿ. ಎರಡೂ ಒಟ್ಟಿಗೆ ಬಂದರೆ ಯಾರಾದರೊಬ್ಬರು ಗೋಡೆಗೆ ಒತ್ತಿಕೊಳ್ಳಬೇಕು, ಮತ್ತು ಅದು ಮಾತು ಆಗಿರುವುದಿಲ್ಲ. ಚೆಲ್ಲೊವನ್ನು ಇಳಿಸಿ ಇಳಿಸಿ ಕೊನೆಗೆ ಅದು ಪಕ್ಕದ ಮನೆಯಲ್ಲಿ ಯಾರೋ ಅಭ್ಯಾಸ ಮಾಡುತ್ತಿರುವಂತೆ ಕೇಳಿಸಿತು. ಅಂದಿನಿಂದ ನಟರ ದನಿ ಕೇಳದೆ ವಾದ್ಯ ಆರಿಸುವುದಿಲ್ಲ. ಇನ್ನೊಂದು ಕಡೆ ಮಳೆಯ ಸದ್ದು ಬರುತ್ತದೆಂದು ಗೊತ್ತಿಲ್ಲದೆ ಅತಿ ಮೆಲ್ಲಗಿನ ಗಂಟೆಗಳನ್ನು ಬರೆದಿದ್ದೆ. ಮಳೆ ಬಂತು. ಗಂಟೆಗಳು ಇಂದಿಗೂ ನನ್ನ ಹಾರ್ಡ್ ಡಿಸ್ಕಿನಲ್ಲಿ ಮಾತ್ರ ಇವೆ.

ಟೆಲಿವಿಷನ್ ಧಾರಾವಾಹಿ ಬೇರೆಯೇ ದೇಶ. ಅಲ್ಲಿ ವಾರಕ್ಕೊಂದು ಕಂತು, ಕಂತಿಗೆ ಇಪ್ಪತ್ತೈದು ನಿಮಿಷದ ಸಂಗೀತ. ಸ್ಫೂರ್ತಿಗೆ ಕಾಯುವವರು ಎರಡನೇ ಕಂತಿನಲ್ಲೇ ಮನೆ ಸೇರುತ್ತಾರೆ. ಮೊದಲ ಮೂರು ಕಂತುಗಳಿಗೆ ಜೀವ ತೇಯ್ದು ಬರೆದು, ಅದನ್ನು ಪದರ ಪದರವಾಗಿ ಬಿಡಿಸಿ ಇಟ್ಟುಕೊಂಡರೆ ಮುಂದಿನ ಕಂತುಗಳಿಗೆ ಅರ್ಧ ಸಾಮಗ್ರಿ ಅಲ್ಲಿಂದಲೇ ಬರುತ್ತದೆ: ಅನುಮಾನದ ಪದರ, ನೆನಪಿನ ಪದರ, ಜಾಹೀರಾತಿಗೆ ಮುನ್ನ ಎದೆ ಎತ್ತಿ ನಿಲ್ಲಿಸುವ ಪದರ. ಕೀಳಾಗಿ ಕಾಣಬೇಕಾಗಿಲ್ಲ. ಒಂದು ರಾಗವನ್ನು ನಲವತ್ತು ವಾರ ತಿರುಗಿಸಿ ಮುರುಗಿಸಿ ಅದರಲ್ಲಿ ಇನ್ನೂ ಏನಿದೆ ಎಂದು ಹುಡುಕುವ ಅವಕಾಶ ಚಲನಚಿತ್ರದಲ್ಲಿಲ್ಲ, ನನ್ನ ರಾಗವೊಂದು ನಿಜವಾಗಿ ಬೆಳೆದದ್ದು ಧಾರಾವಾಹಿಯಲ್ಲೇ. ಆದರೆ ಅಲ್ಲೂ ವಿಚಿತ್ರಗಳಿವೆ. ನನ್ನ ಚಿತ್ರವೊಂದು ಸೆಕೆಂಡಿಗೆ 25 ಚೌಕಟ್ಟು ತೋರಿಸುವ ಟೆಲಿವಿಷನ್‌ನಲ್ಲಿ ಬಂದಾಗ ಅದನ್ನು ಹಾಗೇ ವೇಗ ಹೆಚ್ಚಿಸಿ ಓಡಿಸಿದ್ದರು. ಶೇಕಡಾ ನಾಲ್ಕರಷ್ಟು ಬೇಗ. ಶ್ರುತಿ ಮುಕ್ಕಾಲು ಅರ್ಧಸ್ವರದಷ್ಟು ಮೇಲೆ ಹೋಗಿತ್ತು. ಮನೆಯವರೆಲ್ಲ ಹೆಮ್ಮೆಯಿಂದ ನೋಡುತ್ತಿದ್ದರು, ನಾನೊಬ್ಬನೇ ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಹಣದ ವಿಷಯ ಚುಟುಕಾಗಿ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದನ್ನು ಕಲಿತ ರೀತಿ ಹೇಳಿಕೊಳ್ಳುವಂಥದ್ದಲ್ಲ. ಮೊದಲ ಒಪ್ಪಂದ ಒಟ್ಟು ಮೊತ್ತದ ಗುತ್ತಿಗೆ. ವಾದಕರು, ಸ್ಟುಡಿಯೊ, ಮಿಶ್ರಣ ಎಲ್ಲವನ್ನೂ ಅದರಿಂದಲೇ ತೂಗಿಸಿ ಉಳಿದದ್ದು ನನಗೆ. ಉಳಿಯಲಿಲ್ಲ. ಆರು ಸಲ ತಿದ್ದಿದ್ದಕ್ಕೂ ಒಂದೇ ಬೆಲೆ, ಏಕೆಂದರೆ ಎಷ್ಟು ಸಲ ಎಂಬ ಮಾತೇ ಒಪ್ಪಂದದಲ್ಲಿರಲಿಲ್ಲ. ಈಗ ಮೂರು ಎಂದು ಬರೆಸುತ್ತೇನೆ. ಪ್ರಸಾರದ ಹಕ್ಕನ್ನೂ ಸೇರಿಸಿ ಒಂದೇ ಸಲ ಕೊಂಡುಬಿಡುತ್ತೇವೆ ಎನ್ನುವ ಒಪ್ಪಂದಗಳು ಬಂದಾಗ ಎರಡು ದಿನ ಕೇಳಿಕೊಂಡು, ಓದಬಲ್ಲವರಿಗೆ ತೋರಿಸಿ, ಆಮೇಲೆ ಉತ್ತರಿಸುತ್ತೇನೆ. ದೇಶ ದೇಶಕ್ಕೂ ಲೆಕ್ಕ ಬೇರೆ: ಯುರೋಪಿನ ಅನೇಕ ದೇಶಗಳಲ್ಲಿ ಚಿತ್ರಮಂದಿರದ ಪ್ರದರ್ಶನಕ್ಕೂ ಸಂಯೋಜಕರಿಗೆ ರಾಯಧನ ಬರುತ್ತದೆ, ಅಮೆರಿಕದಲ್ಲಿ 1948ರ ನ್ಯಾಯಾಲಯದ ತೀರ್ಪೊಂದರ ನಂತರ ಬರುವುದಿಲ್ಲ. ಅಲ್ಲಿ ಪಾಲು ಬರುವುದು ಟೆಲಿವಿಷನ್‌ನಂಥ ಪ್ರಸಾರಗಳಿಂದ. ಎಲ್ಲಕ್ಕೂ ಆಧಾರ ಆ ಕ್ಯೂ ಶೀಟು. ಅದನ್ನು ನಾನು ಬೇರೆಯವರ ಕೈಗೆ ಕೊಡುವುದಿಲ್ಲ.

ಒಂದು ಅಸೂಯೆ ಮಾತ್ರ ಉಳಿದುಕೊಂಡಿದೆ. "ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್" ಚಿತ್ರಕ್ಕೆ ಎನ್ನಿಯೊ ಮೊರಿಕೋನೆ ಮುಖ್ಯ ಸಂಗೀತವನ್ನು ಚಿತ್ರೀಕರಣಕ್ಕೂ ಮೊದಲೇ ಬರೆದಿದ್ದರು. ನಿರ್ದೇಶಕ ಸೆರ್ಜಿಯೊ ಲಿಯೊನೆ ಅದನ್ನು ಸೆಟ್ಟಿನಲ್ಲಿ ಹಾಕಿ ನಟರಿಗೆ ಕೇಳಿಸುತ್ತಿದ್ದರು. ಕ್ಯಾಮೆರಾ ಸಂಗೀತದ ನಡಿಗೆಗೆ ನಡೆಯಿತು. ನಾರ್ತ್ ಅವರ ಸಂಗೀತ ಕಸದ ಬುಟ್ಟಿ ಸೇರಿದ ಅದೇ 1968ರಲ್ಲಿ. ಎಲ್ಲರಿಗಿಂತ ಮೊದಲು ಬರುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ. ಒಮ್ಮೆ ನಿರ್ದೇಶಕರೊಬ್ಬರಿಗೆ ಈ ಮಾತು ಹೇಳಿ, ಮುಂದಿನ ಚಿತ್ರಕ್ಕೆ ಹಾಗೆ ಮಾಡೋಣವೇ ಎಂದೆ. "ಖಂಡಿತ" ಎಂದರು. ಚಿತ್ರೀಕರಣ ಮುಗಿದ ಮೇಲೆ ಫೋನು ಮಾಡಿದರು.

ಹೋದ ತಿಂಗಳು ಹೊಸ ಚಿತ್ರದ ಸ್ಪಾಟಿಂಗ್ ಇತ್ತು. ಅದೇ ಕತ್ತಲು, ಅದೇ ನಿದ್ದೆಗೆಟ್ಟ ಮುಖಗಳು. ನನ್ನ ಪಕ್ಕದಲ್ಲಿ ಈಗ ನನ್ನ ಸಹಾಯಕಿ, ಅವಳ ಮಡಿಲಲ್ಲಿ ಪುಸ್ತಕ. ಎರಡನೇ ರೀಲಿನಲ್ಲಿ ಆಸ್ಪತ್ರೆಯ ದೃಶ್ಯ ಓಡುತ್ತಿರುವಾಗ ನಿರ್ದೇಶಕಿ ಕಿಟಕಿಯ ಕಡೆ ತಿರುಗಿ, "ಇಲ್ಲಿ ಸಂಗೀತ ಸ್ವಲ್ಪ..." ಎಂದರು. ಸಹಾಯಕಿ ಬರೆದುಕೊಳ್ಳಲು ಹೊರಟಿದ್ದಳು.

"ನಿಲ್ಲಿಸುತ್ತೀರಾ?" ಎಂದೆ. "ಇಲ್ಲಿ ಏನು ಕೂಡಿಬರಲಿಲ್ಲ?"

ಸಂಕಲನಕಾರರು ನಕ್ಕರು. ನಿರ್ದೇಶಕಿ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಆ ನಟನಿಗೆ ಅಂದು ಜ್ವರವಿತ್ತು, ಅವನು ಮಾತನ್ನು ಒಪ್ಪಿಸಿದನೇ ಹೊರತು ಆಡಲಿಲ್ಲ, ಮತ್ತೊಂದು ದಿನಕ್ಕೆ ಹಣವಿರಲಿಲ್ಲ ಎಂದರು. ಸಂಕಲನಕಾರರು ಬೇರೆ ಟೇಕುಗಳನ್ನು ಹಾಕಿ ತೋರಿಸಿದರು. ಅವುಗಳಲ್ಲೂ ಜ್ವರವೇ ಇತ್ತು. ಕೊನೆಗೆ ನಾನೇ ಕೇಳಿದೆ: ಈ ಮಾತು ಬೇಕೇ? ಅವನು ಒಳಗೆ ಬರುತ್ತಾನೆ, ಹಾಸಿಗೆ ನೋಡುತ್ತಾನೆ. ಅಲ್ಲಿಗೆ ಕತ್ತರಿಸಿದರೆ? ಕತ್ತರಿಸಿ ನೋಡಿದರು. ಎರಡು ಸಲ ನೋಡಿದರು. ಸಂಗೀತದ ಮಾತು ಯಾರೂ ಎತ್ತಲಿಲ್ಲ.

ಸಹಾಯಕಿ 2ಎಂ4ರ ಮೇಲೆ ಅಡ್ಡಗೆರೆ ಎಳೆದಳು. ಒಟ್ಟು ಮೊತ್ತದ ಗುತ್ತಿಗೆಯಾದ್ದರಿಂದ ಸಂಭಾವನೆ ಕಡಿಮೆಯಾಗಲಿಲ್ಲ. ಕ್ಯೂ ಶೀಟಿನಲ್ಲಿ ಮಾತ್ರ ಎರಡು ನಿಮಿಷ ಹನ್ನೊಂದು ಸೆಕೆಂಡು ಹೋಯಿತು.